ಗೋಡೆಯಾಚೆಯವರ ಒಪ್ಪಿಗೆ

ನಮ್ಮ ಓಣಿಯಲ್ಲಿ ಬೆಳಿಗ್ಗೆ ಬಾಯಿ ಮುಕ್ಕಳಿಸುವ ಮೊದಲು ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಎದ್ದವರು ನೇರ ಹಿತ್ತಲಿಗೆ ಹೋಗಿ, ಮೂರು ಸಲ ನೀರು ಬಾಯಿಗೆ ಹಾಕಿ, ಮೂರು ಸಲ ಉಗುಳಿ, ಆಮೇಲೆ ಮುಖ ಒರೆಸಿಕೊಂಡು ಪಕ್ಕದ ಮನೆಯವರನ್ನು ನೋಡಿ ನಗುತ್ತಾರೆ. ಉಗುಳಿದ ಮೇಲೆ ಮುಗಿಯಿತು. ಕಂಡದ್ದು ಕಂಡಿಲ್ಲ. ನಮ್ಮ ಊರಿನಲ್ಲಿ ಯಾರ ಕನಸೂ ಅವರಿಗೇ ಬೀಳುವುದಿಲ್ಲ. ಪೂರ್ವದ ಗೋಡೆ ದಾಟಿ, ಆಚೆ ಮನೆಯಲ್ಲಿ ಆ ಗೋಡೆಯ ಹತ್ತಿರ ಮಲಗಿದವರಿಗೆ ಬೀಳುತ್ತದೆ. ಹಾಗಾಗಿ ಹೆಣ್ಣು ಕೊಡುವಾಗ ಹುಡುಗ ಹೇಗಿದ್ದಾನೆ ಎಂದು ಕೇಳುವಷ್ಟೇ, ಅವನ ಗೋಡೆಯಾಚೆ ಯಾರಿದ್ದಾರೆ ಎಂದೂ ಕೇಳುತ್ತಾರೆ. ಓಣಿಯ ಮೊದಲ ಮನೆಯವರಿಗೆ ಏನೂ ಬೀಳುವುದಿಲ್ಲ, ಅದಕ್ಕೇ ಅವರಿಗೆ ಸ್ವಲ್ಪ ಸೊಕ್ಕು. ಕೊನೆಯ ಮನೆಯವರದು ಬಯಲಿಗೆ ಹೋಗುತ್ತದೆ. ಅಲ್ಲಿ ಕಟ್ಟಿದ ಆಡುಗಳು ಕೆಲವು ದಿನ ಬೆಳಿಗ್ಗೆ ಮೇವು ಮುಟ್ಟುವುದಿಲ್ಲ.

ನಮ್ಮದು ಇಪ್ಪತ್ತೊಂದನೆಯ ಮನೆ. ನಾನು, ಅಪ್ಪ ಇಬ್ಬರೇ. ಅಪ್ಪ ಪಡಸಾಲೆಯಲ್ಲಿ ಮಲಗುತ್ತಾರೆ, ನಾನು ಪೂರ್ವದ ಗೋಡೆಯ ಕೋಣೆಯಲ್ಲಿ. ಆ ಗೋಡೆಗೆ ಹತ್ತಿರದವಳು ನಾನಾದ್ದರಿಂದ ನನ್ನದೇ ಇಪ್ಪತ್ತೆರಡನೆಯ ಮನೆಯ ತುಂಗವ್ವನಿಗೆ ಬೀಳುತ್ತದೆ. ತುಂಗವ್ವನದು ಇಪ್ಪತ್ಮೂರನೆಯ ಮನೆಯ ಕಲ್ಲವ್ವಜ್ಜಿಗೆ. ನಾನು ಏನು ಕಾಣುತ್ತೇನೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರುವುದಿಲ್ಲ. ತುಂಗವ್ವ ಹೊಲಿಗೆಯವಳು, ನನ್ನ ಕುಪ್ಪಸಗಳೆಲ್ಲ ಅವಳೇ ಹೊಲಿದದ್ದು. ಅಳತೆ ತೆಗೆದುಕೊಳ್ಳುವಾಗ ಅವಳ ಮುಖದಲ್ಲಿ ಏನಾದರೂ ಸುಳಿಯುತ್ತದೆಯೇ ಎಂದು ನಾನು ಪ್ರತಿ ಸಲವೂ ನೋಡುತ್ತಿದ್ದೆ. ಏನೂ ಸುಳಿಯುತ್ತಿರಲಿಲ್ಲ.

ದೂರದ ವಿಶ್ವವಿದ್ಯಾಲಯದಿಂದ ಡಾಕ್ಟರ್ ವಿಜಯಶೀಲಾ ನಮ್ಮ ಕನಸುಗಳ ಅಧ್ಯಯನಕ್ಕೆ ಬಂದದ್ದು ಚಳಿಗಾಲದ ಕೊನೆಗೆ. ಮನಶ್ಶಾಸ್ತ್ರದಲ್ಲಿ ಪದವಿ ಮಾಡಿದವಳು ಊರಿನಲ್ಲಿ ನಾನೊಬ್ಬಳೇ ಆದ್ದರಿಂದ ಸಹಾಯಕಿಯ ಕೆಲಸ ನನಗೆ ಸಿಕ್ಕಿತು. ಅವರು ಒರಟು ಮನುಷ್ಯರಲ್ಲ. ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟದ್ದನ್ನು ಕುಡಿದು, ಒಪ್ಪಿಗೆ ಪತ್ರವನ್ನು ಎರಡು ಸಲ ಓದಿ ಹೇಳುತ್ತಿದ್ದರು. ಬೇಡವೆಂದವರನ್ನು ಒತ್ತಾಯ ಮಾಡುತ್ತಿರಲಿಲ್ಲ. ತಿಂಗಳ ಕಾಲ ಪ್ರತಿ ಬೆಳಿಗ್ಗೆ, ಬಾಯಿ ಮುಕ್ಕಳಿಸುವ ಮೊದಲೇ, ಬಿದ್ದದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆಯಬೇಕು. ಅಷ್ಟೇ ಅವರು ಕೇಳಿದ್ದು.

ಮೊದಲ ದಿನವೇ ನಾನು ಕೇಳಿದ್ದೆ. "ಮೇಡಂ, ಒಪ್ಪಿಗೆ ಯಾರದು ತಗೋಬೇಕು? ಕನಸು ಬಿದ್ದವರದೋ, ಅದು ಯಾರದೋ ಅವರದೋ?"

ಅವರು ಪೆನ್ನು ಕೆಳಗಿಟ್ಟು ಯೋಚಿಸಿದರು. "ಒಳ್ಳೆಯ ಪ್ರಶ್ನೆ, ನೀಲಾಂಬಿಕೆ. ನೀತಿ ಸಮಿತಿಯವರೂ ಕೇಳಿದ್ರು. ಹೇಳುವವರ ಅನುಭವ ಹೇಳುವವರದೇ ಅಂತ ತೀರ್ಮಾನ ಆಯ್ತು. ಅದಕ್ಕೇ ನಂಬರುಗಳನ್ನ ಕಲಸಬೇಕು. ಮನೆ ನಂಬರಿಗೂ ಪುಸ್ತಕದ ನಂಬರಿಗೂ ಸಂಬಂಧ ಇರಲೇಬಾರದು. ಯಾವ ನಂಬರು ಯಾವ ಮನೆಯದು ಅನ್ನೋ ಪಟ್ಟಿ ನಿಮ್ಮ ಕೈಲಿ ಮಾತ್ರ ಇರಲಿ. ನನಗೂ ತೋರಿಸಬೇಡಿ."

ನಾನು ತಲೆಯಾಡಿಸಿದೆ. ಕಲಸಬೇಕೆಂದೇ ಇದ್ದೆ. ಆದರೆ ಪುಸ್ತಕ ಹಂಚುವ ದಿನ ಗುಡಿಯ ಮುಂದೆ ಜನ ಮುತ್ತಿಕೊಂಡರು, ಒಬ್ಬರ ಪುಸ್ತಕ ಇನ್ನೊಬ್ಬರ ಕೈಗೆ ಹೋದರೆ ಏನು ಗತಿ ಎಂಬ ಭಯ ಹತ್ತಿತು. ನನಗೆ ಇಂಥ ಭಯಗಳು ಬಹಳ. ಹಾಗಾಗಿ ಒಂದೊಂದರ ರಟ್ಟಿನ ಮೇಲೂ ಆಯಾ ಮನೆಯ ನಂಬರನ್ನೇ ದಪ್ಪಗೆ ಬರೆದು ಕೊಟ್ಟೆ. ಶುದ್ಧ ಪ್ರತಿ ಮಾಡುವಾಗ ಕಲಸಿದರಾಯಿತು ಎಂದುಕೊಂಡೆ. ಆಮೇಲೆ ದಿನದಿನದ ಕೆಲಸದಲ್ಲಿ ಅದು ಹಿಂದೆ ಬಿತ್ತು. ಮರೆತೆ ಎಂದು ಹೇಳಲಾರೆ. ನೆನಪಿತ್ತು, ನಾಳೆ ಎನ್ನುತ್ತಿದ್ದೆ.

ಮೊದಲ ವಾರ ಜನ ಮುಜುಗರಪಟ್ಟರು. ಬಾಯಿ ಮುಕ್ಕಳಿಸದೆ ಪೆನ್ನು ಹಿಡಿಯುವುದು ಬೆತ್ತಲೆ ಕೂತಂತೆ ಎಂದು ಒಬ್ಬಾಕೆ ಹೇಳಿದಳು. ಒಂಬತ್ತನೆಯ ಮನೆಯ ಸಂಗಪ್ಪ ಏಳು ದಿನವೂ ಒಂದೇ ಪದ ಬರೆದಿದ್ದ: ಎಮ್ಮೆ. "ಬರೇ ಎಮ್ಮೀನಾ?" ಎಂದು ಕೇಳಿದೆ. "ಮತ್ತೇನ್ ಬರೀಲಿ? ಎಂಟನೇ ಮನಿಯಾಂವ ಎಮ್ಮಿ ಮಾರಿ ಎರಡ ತಿಂಗಳಾತು. ದಿನಾ ನನ್ನ ಹಂತ್ಯಾಕ ಬರತೈತಿ. ಅದಕ್ಕ ನನ್ನ ಗುರುತ ಇಲ್ಲ, ನನಗ ಅದರ ಗುರುತ ಇಲ್ಲ," ಎಂದ. ತುಂಗವ್ವ ಬೇಡವೆನ್ನಲಿಲ್ಲ, ಪುಸ್ತಕ ತೆಗೆದುಕೊಂಡಳು. ಶನಿವಾರ ಕೇಳಲು ಹೋದರೆ ಖಾಲಿ ಹಾಳೆ ತೋರಿಸಿದಳು. "ಏನೂ ಬಿದ್ದಿಲ್ಲವ್ವ," ಎಂದಳು. ಆ ರಾತ್ರಿಗಳೆಲ್ಲ ನನ್ನವು. ನಾನು ಏನೂ ಕಾಣುವುದೇ ಇಲ್ಲವೋ, ಅಥವಾ ಇವಳು ಬರೆಯಬಾರದಂಥದ್ದು ಏನೋ ಇದೆಯೋ ಎಂದು ಅಂದಿನಿಂದ ನನಗೆ ನೆಮ್ಮದಿಯಿಲ್ಲದಾಯಿತು.

ಕಲ್ಲವ್ವಜ್ಜಿಗೆ ಓದುಬರಹವಿಲ್ಲ. ಒಪ್ಪಿಗೆ ಪತ್ರವನ್ನು ನಾನು ಓದಿ ಹೇಳಿದಾಗ ಆಕೆ ಹಾಳೆಯನ್ನು ನೋಡಲಿಲ್ಲ. "ಯವ್ವಾ, ನೀ ಓದಿದಾಕಿ. ನೀ ಒತ್ತು ಅಂದ್ರ ಒತ್ತತೀನಿ. ಯಾರಿಗೂ ಗೊತ್ತಾಗೂದಿಲ್ಲಲ್ಲ?" ಎಂದಳು. "ಗೊತ್ತಾಗೂದಿಲ್ಲಜ್ಜಿ. ಹೆಸರ ಬರಿಯೂದಿಲ್ಲ," ಎಂದೆ. ನನ್ನ ಮುಖ ನೋಡುತ್ತಲೇ ಹೆಬ್ಬೆಟ್ಟು ಒತ್ತಿದಳು. ಮರುದಿನ ಬೆಳಿಗ್ಗೆ ನಾನೇ ಆಕೆಯ ಹಿತ್ತಲಲ್ಲಿ ಕಲ್ಲಿನ ಮೇಲೆ ಪುಸ್ತಕ ಇಟ್ಟುಕೊಂಡು ಕೂತೆ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು.

"ಹೊಂಡದ ದಂಡಿ. ನೀರಾಗ ಒಬ್ಬಾಂವ ಮುಳಗಾಕತ್ತಾನ, ಕೈ ಎತ್ತತಾನ. ದಂಡಿ ಮ್ಯಾಲ ಹಗ್ಗ ಹಿಡಕೊಂಡು ನಿಂತಾಕಿ ನಿಂತಬಿಟ್ಟಾಳ. ಸಣ್ಣ ಹಗ್ಗ ಅಲ್ಲವ್ವ, ಹೆಗಲ ತುಂಬ ಸುರುಳಿ ಐತಿ. ಒಗಿಯೂದಿಲ್ಲ. ಕೈ ಮುಳಗೂತನಾ ನೋಡತಾಳ. ಆಮ್ಯಾಲ ಮನಿ ಕಡೆ ಹೊಳ್ಳತಾಳ."

ನಾನು ಬರೆದುಕೊಂಡೆ. ನನ್ನ ಅಕ್ಷರ ಎಂದಿನಂತೆಯೇ ದುಂಡಗೆ ಬಂತು. "ಯಾವಾಗಿಂದ, ಅಜ್ಜಿ?" ಎಂದು ಕೇಳಿದೆ, ಪುಸ್ತಕದ ಮೊದಲ ಪುಟದಲ್ಲಿ ಆ ಪ್ರಶ್ನೆ ಇದ್ದುದರಿಂದ.

"ಒಂಬತ್ತು ವರ್ಷ ಆತು. ದಿನಾ ಅಲ್ಲ. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ." ಅಜ್ಜಿ ಸೆರಗು ಕೆಳಗಿಳಿಸಿ ಉಸಿರು ಬಿಟ್ಟಳು. "ಯವ್ವಾ, ಎಷ್ಟ ಹಗರ ಆತ ನೋಡು. ಒಂಬತ್ತು ವರ್ಷ ಉಗುಳಿ ಉಗುಳಿ ಸಾಕಾಗಿತ್ತು. ನೀರಿಗೆ ಹೇಳಿದ್ರ ಹೋಗೂದಿಲ್ಲ ಅದು. ಮನಶ್ಯಾರಿಗೇ ಹೇಳಬೇಕು." ಮರುದಿನದಿಂದ ಆಕೆ ನಾನು ಬರುವುದನ್ನೇ ಕಾಯುತ್ತಾ, ಬೆಲ್ಲದ ಚಹಾ ಮುಚ್ಚಿಟ್ಟುಕೊಂಡು ಕೂತಿರುತ್ತಿದ್ದಳು. ತಿಂಗಳ ಕೊನೆಗೆ ಬೆನ್ನು ನೆಟ್ಟಗಾದವಳಂತೆ ನಡೆಯುತ್ತಿದ್ದಳು. ಇದನ್ನೂ ನಾನು ಹೇಳಬೇಕು, ಇಲ್ಲವಾದರೆ ಎಲ್ಲವೂ ಕೆಟ್ಟದ್ದೇ ಆಯಿತೆಂದು ಹೇಳಿದಂತಾಗುತ್ತದೆ.

ತುಂಗವ್ವನ ಗಂಡ ಮಡಿವಾಳೆಪ್ಪ ಒಂಬತ್ತು ವರ್ಷದ ಹಿಂದೆ ಕಲ್ಲುಗಣಿಯ ಹೊಂಡದಲ್ಲಿ ಮುಳುಗಿ ಹೋದ. ಆಗ ಅಲ್ಲಿ ಯಾರೂ ಇರಲಿಲ್ಲ. ತುಂಗವ್ವ ಮನೆಯಲ್ಲಿ ಹೊಲಿಯುತ್ತಾ ಕೂತಿದ್ದೆ ಎಂದಿದ್ದಳು, ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಕೇಳಬೇಕೆಂದಿದ್ದವನು ಒಬ್ಬನೇ: ಅವಳ ಭಾವ ರುದ್ರಪ್ಪ, ಮೂವತ್ತನೆಯ ಮನೆಯವನು. ತಮ್ಮನ ಮನೆ ತನಗೆ ಸೇರಬೇಕೆಂದು ಅವನಿಗೆ ಮೊದಲಿಂದಲೂ ಇತ್ತು. ಬಾಯಿ ತೆರೆಯಲು ಒಂದು ಮಾತು ಸಿಕ್ಕಿರಲಿಲ್ಲ. ನಾನು ಓದಿದವಳು. ಸತ್ತವರ ಹತ್ತಿರ ಇರದಿದ್ದವರಿಗೂ ತಾವೇ ಕೊಂದಂತೆ ಕನಸು ಬೀಳಬಹುದು ಎಂದು ನನಗೆ ಗೊತ್ತು. ಕನಸು ಸಾಕ್ಷಿಯಲ್ಲ ಎಂದು ನಮ್ಮ ಊರಿಗೂ ಗೊತ್ತು. ಆದರೂ ಕೆಳಗಿನ ಓಣಿಯಲ್ಲಿ ಒಬ್ಬ ಕುಡಿದು ತನಗೆ ಬಿದ್ದದ್ದನ್ನು ಕಟ್ಟೆಯ ಮೇಲೆ ಹೇಳಿಬಿಟ್ಟಾಗ, ಪಶ್ಚಿಮದ ಮನೆಯವರು ಹದಿನೈದು ದಿನದಲ್ಲಿ ಪಾತ್ರೆ ಪಗಡೆ ಗಾಡಿಗೆ ಹೇರಿಕೊಂಡು ಊರು ಬಿಟ್ಟಿದ್ದರು. ಅವರನ್ನು ಯಾರೂ ಹೋಗಿ ಎನ್ನಲಿಲ್ಲ. ನೋಡಿದರು, ಅಷ್ಟೇ.

ಅಜ್ಜಿಯ ಮಾತು ಬರೆದುಕೊಂಡ ದಿನದಿಂದ ನಾನೂ ನೋಡಲು ಶುರುಮಾಡಿದೆ. ತುಂಗವ್ವ ಬಾವಿಯಿಂದ ನೀರು ಸೇದುವಾಗ ಹಗ್ಗವನ್ನು ಹೇಗೆ ಸುತ್ತಿಡುತ್ತಾಳೆ ಎಂದು ನೋಡಿದೆ. ನೋಡಬಾರದು ಎಂದುಕೊಂಡೆ. ಮತ್ತೆ ನೋಡಿದೆ.

ತಿಂಗಳು ಮುಗಿದಾಗ ವಿಜಯಶೀಲಾ ಮೇಡಂ, ಭಾನುವಾರ ಶಾಲೆಯ ಹಾಲ್‌ನಲ್ಲಿ ಸಭೆ ಕರೆಯೋಣ ಎಂದರು. "ಜನರ ಹತ್ತಿರ ತಗೊಂಡು ಹೋಗಿ ನಮ್ಮ ಪತ್ರಿಕೆಯಲ್ಲಿ ಹಾಕ್ಕೊಂಡು ಸುಮ್ಮನಾಗಬಾರದು. ಅವರ ಮುಂದೆ ಇಡಬೇಕು." ಆರು ಕನಸುಗಳನ್ನು ಆಯ್ದಿದ್ದರು. ನನ್ನ ಅಕ್ಷರ ಚೆನ್ನಾಗಿದೆಯೆಂದು ದೊಡ್ಡ ಹಾಳೆಗಳ ಮೇಲೆ ಬರೆಯುವ ಕೆಲಸ ನನಗೇ ಬಂತು. ನಾಲ್ಕನೆಯದು: ನಂಬರು ಇಪ್ಪತ್ಮೂರು. ಹೊಂಡದ ದಂಡೆ, ಒಂಬತ್ತು ವರ್ಷ.

ಶುಕ್ರವಾರ ಮಧ್ಯಾಹ್ನ ಮೇಡಂ ಇಳಿದಿದ್ದ ಪ್ರವಾಸಿ ಬಂಗಲೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಜೋಡಿಸಿಕೊಂಡಿದ್ದೆ: ಮೇಡಂ, ನಾನು ನಂಬರು ಕಲಸಿಲ್ಲ. ನಾಲ್ಕೇ ಪದ. ಅವರು ನನ್ನನ್ನು ಕಂಡೊಡನೆ ಕುರ್ಚಿ ಎಳೆದು, ಬಿಸ್ಕತ್ತಿನ ತಟ್ಟೆ ಮುಂದಿಟ್ಟು, "ನಿಮಗೊಂದು ವಿಷಯ ಹೇಳಬೇಕಿತ್ತು. ವರದಿಯಲ್ಲಿ ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲಿ ಇರುತ್ತೆ. ಜೂನ್‌ನಲ್ಲಿ ನಮ್ಮ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗುತ್ತೆ. ಇಷ್ಟು ಎಚ್ಚರದಿಂದ ಕೆಲಸ ಮಾಡೋರು ನನಗೆ ಸಿಕ್ಕಿರಲಿಲ್ಲ," ಎಂದರು.

"ಮೇಡಂ, ನಾಲ್ಕನೆಯದು ಬೇಡ," ಎಂದಷ್ಟೇ ಹೇಳಿದೆ.

"ಯಾಕೆ? ಅದೇ ಮುಖ್ಯ. ಒಂಬತ್ತು ವರ್ಷ ಇನ್ನೊಬ್ಬರ ಭಾರ ಹೊತ್ತು, ಬೆಳಿಗ್ಗೆ ಎದ್ದು ಅವರಿಗೇ ನಗುಮುಖ ತೋರಿಸೋದು! ಇಷ್ಟು ತಲೆಮಾರಿನಿಂದ ಈ ಊರಲ್ಲಿ ಯಾರಾದರೂ ಒಬ್ಬರನ್ನ ಕೇಳಿದಾರಾ, ನಿನಗೆ ಭಾರ ಆಯ್ತಾ ಅಂತ?" ಅವರ ಕಣ್ಣು ನಿಜಕ್ಕೂ ತುಂಬಿತ್ತು. "ಹೆಸರಿಲ್ಲ, ವಯಸ್ಸಿಲ್ಲ. ನಂಬರು ಕಲಸಿದೀರಲ್ಲ?"

"ಹೌದು ಮೇಡಂ," ಎಂದೆ.

ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ವಾಪಸು ಹೋಗಿ ಹೇಳಬಹುದಿತ್ತು. ಒಳಗಿಂದ ಅವರು ಕೈ ಬೀಸಿದರು. ನಾನೂ ಬೀಸಿದೆ.

ಶನಿವಾರ ಬೆಳಿಗ್ಗೆ ತುಂಗವ್ವನ ಮನೆಗೆ ಹೋದೆ. ಅವಳನ್ನೇ ಕೇಳುವುದು ಸರಿ ಎಂದು ತೋರಿತ್ತು. ಕನಸು ಅವಳದು, ಅವಳು ಬೇಡವೆಂದರೆ ಆ ಮಾತು ಹಿಡಿದು ಮೇಡಂ ಹತ್ತಿರ ಹೋಗಬಹುದು. ತುಂಗವ್ವ ನೆಲದ ಮೇಲೆ ಹಸಿರು ಬಟ್ಟೆ ಹರವಿಕೊಂಡು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಳು. ಸೂಜಿ ತೆಗೆದು ಖಾಲಿ ಪುಸ್ತಕವನ್ನು ನನ್ನತ್ತ ತಳ್ಳಿದಳು.

"ನಾಕ ವಾರಾನೂ ಏನೂ ಬೀಳಲಿಲ್ಲೇನ?"

"ಏನೂ ಇಲ್ಲ. ನಿನ್ನ ತಲ್ಯಾಗ ಏನೂ ಇಲ್ಲ ಅಂತ ತಿಳಕೊ. ಅಷ್ಟ ಓದಿಸಿ ನಿಮ್ಮಪ್ಪ ಮೋಸ ಹೋದ," ಎಂದು ನಕ್ಕಳು. ನಾನು ನಗದೆ ನಿಂತದ್ದನ್ನು ಕಂಡು, "ಯಾಕ, ನನ್ನ ಅಳತಿ ತಗೊಳ್ಳಾಕ ಬಂದಾಕಿ ಹಂಗ ನೋಡಾಕತ್ತಿ?" ಎಂದಳು.

"ತುಂಗಕ್ಕ, ಒಂದ ಮಾತ ಕೇಳಬೇಕಿತ್ತು."

"ಕೇಳು."

ಬಾಯಿ ತೆರೆದಾಗಲೇ ನನಗೆ ಅರ್ಥವಾದದ್ದು. ಕೇಳಬೇಕಾದರೆ ಏನೆಂದು ಹೇಳಬೇಕು. ಯಾವುದಕ್ಕೆ ಒಪ್ಪಿಗೆ ಎಂದು ಹೇಳದೆ ಒಪ್ಪಿಗೆ ಪಡೆಯುವುದು ಹೇಗೆ? ಇವಳು ಒಂಬತ್ತು ವರ್ಷ ತನ್ನದೇ ಆ ದಂಡೆಯನ್ನು ಒಮ್ಮೆಯೂ ಕಾಣದೆ ಬಟ್ಟೆ ಕತ್ತರಿಸಿದ್ದಾಳೆ, ಊಟ ಮಾಡಿದ್ದಾಳೆ, ನಕ್ಕಿದ್ದಾಳೆ. ಬೇಡ ಎಂದು ಹೇಳುವ ಹಕ್ಕನ್ನು ಅವಳಿಗೆ ಕೊಡಲು ಹೋದರೆ ನಾನು ಮೊದಲು ಅವಳ ಕೈಗೆ ಆ ಹಗ್ಗ ಕೊಡಬೇಕು.

"ನಾಳೆ ಸಭಾಕ್ಕ ಬರ್ತಿಯೇನ?" ಎಂದು ಕೇಳಿದೆ.

"ಇಷ್ಟ ಕೇಳಾಕ ಇಷ್ಟ ಹೊತ್ತು ನಿಂತ್ಯಾ? ಬರ್ತೀನಿ. ಕುರ್ಚಿ ಹಾಕಸ್ತಾರಂತಲ್ಲ."

ಮನೆಗೆ ಬಂದು ದೊಡ್ಡ ಹಾಳೆಗಳನ್ನು ನೆಲದ ಮೇಲೆ ಹಾಸಿಕೊಂಡೆ. ಇಡೀ ಕನಸನ್ನೇ ಬದಲಿಸಿದರೆ ಮೇಡಂ ಗುರುತು ಹಿಡಿಯುತ್ತಾರೆ. ಒಂದು ಅಂಕಿ, ಒಂದೆರಡು ಪದ ಹಿಡಿಯಲಾರರು. ಹೊಂಡ ಎಂದಿದ್ದ ಕಡೆ ಬಾವಿ ಎಂದು ಬರೆದೆ. ಒಂಬತ್ತು ವರ್ಷವನ್ನು ಬಿಟ್ಟೆ. ಉಳಿದದ್ದು ನಂಬರು. ಅದನ್ನೇ ಬಿಟ್ಟರೆ ಆರರಲ್ಲಿ ಒಂದಕ್ಕೆ ಮಾತ್ರ ಯಾಕಿಲ್ಲ ಎಂದು ಮೇಡಂ ಕೇಳುತ್ತಾರೆ. ಹದಿನೇಳು ಎಂದು ಹಾಕಿದರೆ ಹದಿನಾರನೆಯ ಮನೆಯವರ ಮೇಲೆ ಬೀಳುತ್ತದೆ. ನಲವತ್ತು ಎಂದರೆ ಮೂವತ್ತೊಂಬತ್ತರ ಮೇಲೆ. ಎಲ್ಲರ ಕೈಯಲ್ಲೂ ತಮ್ಮ ಮನೆಯ ನಂಬರಿನ ರಟ್ಟು ತಿಂಗಳಿಡೀ ಇತ್ತು. ಯಾವ ಅಂಕಿ ಬರೆದರೂ ಅದಕ್ಕೆ ಪಶ್ಚಿಮದ ಒಂದು ಗೋಡೆ, ಆ ಗೋಡೆಯಾಚೆ ಒಂದು ತಲೆ ಇದೆ. ಬಹಳ ಹೊತ್ತು ಕುಂಚ ಹಿಡಿದು ಕೂತಿದ್ದೆ. ಕೊನೆಗೆ ಇಪ್ಪತ್ತೆರಡು ಎಂದು ಬರೆದೆ. ತುಂಗವ್ವನ ಖಾಲಿ ಪುಸ್ತಕದ ನಂಬರು. ಹಾಗೆಂದರೆ ಅದು ನನ್ನ ಕನಸು.

ಭಾನುವಾರ ಹಾಲ್ ತುಂಬಿತ್ತು. ಅಪ್ಪ ಎರಡನೆಯ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಹೆಮ್ಮೆಯಿಂದ ಕೂತಿದ್ದರು. ಕಲ್ಲವ್ವಜ್ಜಿ ಮುಂದಿನ ಕುರ್ಚಿಯಲ್ಲಿ, ತನ್ನದು ಬರುವುದನ್ನು ಕಾಯುತ್ತಾ. ಮೇಡಂ ಒಂದೊಂದೇ ಹಾಳೆ ತೋರಿಸಿ ಗಟ್ಟಿಯಾಗಿ ಓದಿದರು. ಎಮ್ಮೆಗೆ ಜನ ಬಿದ್ದು ಬಿದ್ದು ನಕ್ಕರು. ನಾಲ್ಕನೆಯದನ್ನು ಓದುವಾಗ ಅವರು ಬಾವಿ ಎಂಬಲ್ಲಿ ಒಂದು ಗಳಿಗೆ ತಡೆದು ನನ್ನತ್ತ ನೋಡಿ, ಮುಂದುವರಿದರು. ನಗು ನಿಂತಿತ್ತು. ಕಲ್ಲವ್ವಜ್ಜಿ ಕುರ್ಚಿಯಲ್ಲಿ ಮುಂದೆ ಬಾಗಿ, ಕೈ ಎತ್ತಿ, "ಅದು ನನ್..." ಎಂದಳು. ಅಷ್ಟರಲ್ಲಿ ನನ್ನ ಮುಖ ಕಂಡಳು. ಎತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕೆಮ್ಮತೊಡಗಿದಳು. ಯಾರೋ ನೀರು ತಂದುಕೊಡುವವರೆಗೂ ಕೆಮ್ಮಿದಳು.

ರುದ್ರಪ್ಪ ಹಿಂದಿನಿಂದ ಎದ್ದು ನಿಂತ. "ಇಪ್ಪತ್ತೆರಡಂದ್ರ ನಮ್ಮ ತುಂಗವ್ವಂದಲ್ಲ? ತುಂಗವ್ವಗ ಬಿದ್ದದ್ದಂದ್ರ ಅದು..." ಅವನು ಬೆರಳೆಣಿಸುವ ಅಗತ್ಯವಿರಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ನನ್ನತ್ತ ತಿರುಗಿದರು.

"ಇಲ್ಲ ಇಲ್ಲ, ನಂಬರುಗಳಿಗೂ ಮನೆಗಳಿಗೂ ಸಂಬಂಧ ಇಲ್ಲ," ಎಂದರು ಮೇಡಂ.

"ಯಾಕಿಲ್ಲ ಮೇಡಮ್ಮಾರ? ರಟ್ಟಿನ ಮ್ಯಾಲ ಮನಿ ನಂಬರನ ಬರದ ಕೊಟ್ಟಾಳಲ್ಲ ನಿಮ್ಮ ಹುಡಿಗಿ," ಎಂದ ಸಂಗಪ್ಪ. "ಅದಕ್ಕ ನಾ ಎಮ್ಮಿ ಬಿಟ್ಟು ಬ್ಯಾರೆ ಏನೂ ಬರೀಲಿಲ್ಲ."

ಮೇಡಂ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ತುಂಗವ್ವ ಕೂತಿದ್ದ ಕಡೆ ಕಣ್ಣು ಹೋಗುತ್ತಿತ್ತು. ಅವರು ಮುಂದೆ ಒಂದು ಮಾತೂ ಆಡದೆ, ಉಳಿದ ಎರಡು ಹಾಳೆಗಳನ್ನು ತೋರಿಸದೆ, ಆರನ್ನೂ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಜನರಿಗೆ ಕೈಮುಗಿದು, "ತಪ್ಪಾಗಿದೆ. ಕ್ಷಮಿಸಿ," ಎಂದರು. ಸಂಜೆಯ ಬಸ್ಸಿಗೆ ಹೋಗುವ ಮೊದಲು ನಾನು ಅವರಿಗೆ ಎಲ್ಲವನ್ನೂ ಹೇಳಿದೆ, ಇಪ್ಪತ್ಮೂರು ಯಾರದು ಎಂಬುದನ್ನು ಬಿಟ್ಟು. ಅವರು ಗದರಲಿಲ್ಲ. "ಶುಕ್ರವಾರ ಹೇಳಬಹುದಿತ್ತು ನೀವು," ಎಂದರು. "ನಾನೂ ಇನ್ನೊಂದು ಸಲ ಕೇಳಬಹುದಿತ್ತು. ಈ ಮಾಹಿತಿ ಯಾವುದನ್ನೂ ಬಳಸೋ ಹಾಗಿಲ್ಲ. ಸಮಿತಿಗೆ ಬರೀತೀನಿ, ನನ್ನ ತಪ್ಪನ್ನೂ ನಿಮ್ಮದನ್ನೂ." ಜೂನ್‌ನ ಮಾತು ಇಬ್ಬರೂ ಎತ್ತಲಿಲ್ಲ.

ಮರುದಿನದಿಂದ ಜನ ನನ್ನನ್ನು ನೋಡತೊಡಗಿದರು. ಬೈಯಲಿಲ್ಲ, ಏನೂ ಕೇಳಲಿಲ್ಲ. ನಾನು ಬಾವಿಕಟ್ಟೆಗೆ ಹೋದರೆ ಕೊಡ ಅರ್ಧ ತುಂಬಿದ್ದವರೂ ಎತ್ತಿಕೊಂಡು ಹೋದರು. ಅಪ್ಪ ಮೊದಲು ಬಾವಿಯ ಮೆಟ್ಟಿಲಿಳಿದೇ ಸ್ನಾನ ಮಾಡುತ್ತಿದ್ದವರು, ಸೋಮವಾರದಿಂದ ನಲ್ಲಿಗೆ ಬದಲಿಸಿದರು. "ಮೊಣಕಾಲ ನೋವು, ಮೆಟ್ಟಲಾ ಹತ್ತಾಕ ಆಗೂದಿಲ್ಲ," ಎಂದರು, ನಾನು ಕೇಳದಿದ್ದರೂ.

ತುಂಗವ್ವ ಮಂಗಳವಾರ ಮಧ್ಯಾಹ್ನ ಬಂದಳು. ಒಳಗೆ ಬರದೆ ಹೊಸಿಲ ಮೇಲೆ ಕೂತು, ಬೀದಿಯ ಕಡೆ ನೋಡುತ್ತಾ ಹೇಳಿದಳು.

"ಹನ್ನೊಂದು ವರ್ಷ ನಿನ್ನ ಕನಸ ನೋಡೀನಿ ನಾ." ಇಂಥ ಮಾತನ್ನು ನಮ್ಮ ಓಣಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. "ನೀ ಬರೇ ಬಾಗಲದ ಚಿಲಕಾ ಹಾಕೇನೋ ಇಲ್ಲೋ ಅಂತ ನೋಡಕೊಂತ ತಿರಗತಿ. ಒಂದ ಬಾಗಲಾ ಆತಂದ್ರ ಇನ್ನೊಂದು. ಅಷ್ಟ ಬಾಗಲಾ ಎಲ್ಲಿಂದ ತರತೀಯೋ ಏನೋ. ಅದನ್ನ ಬರದ್ರ ಜನಾ ನಕ್ಕಾರು ಅಂತ ಖಾಲಿ ಕೊಟ್ಟೆ. ಬಾವಿ ಇಲ್ಲ, ಹಗ್ಗ ಇಲ್ಲ, ಯಾವ ಗಂಡಸೂ ಇಲ್ಲ ಅದರಾಗ."

"ಮುದುಕಿ ಕೆಮ್ಮಿದ್ದು ನೋಡಿದೆ," ಎಂದಳು. "ಬಾವಿ ಅಲ್ಲ ಅದು. ಹೊಂಡ."

ಅವಳಿಂದ ಮುಚ್ಚಿಡಬೇಕೆಂದು ನಾನು ಬರೆದ ಅಂಕಿಯನ್ನು ಓದಬಲ್ಲವಳು ಊರಿನಲ್ಲಿ ಅವಳೊಬ್ಬಳೇ ಎಂಬುದು ನನಗೆ ಶನಿವಾರ ಹೊಳೆದಿರಲಿಲ್ಲ. ಅಲ್ಲ ಎನ್ನಬಹುದಿತ್ತು.

"ಅವತ್ತು ಮನ್ಯಾಗ ಇದ್ದೆ ಅಂತ ಹೇಳೀನಿ ನಾ ಎಲ್ಲಾರಿಗೂ," ಎಂದಳು ತುಂಗವ್ವ. "ಹೇಳಿ ಹೇಳಿ ಈಗ ನನಗೂ ಮನ್ಯಾಗ ಇದ್ದಂಗನ ನೆನಪೈತಿ. ಮಷೀನಿನ ಸಪ್ಪಳಾನೂ ಕೇಳತೈತಿ." ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದಳು. "ಒಂದ ಕೇಳತೀನಿ. ಅದರಾಗ ಹಗ್ಗ ಅಂವಗ ಮುಟ್ಟತಿತ್ತೇನ?"

ಹೆಗಲ ತುಂಬ ಸುರುಳಿ ಎಂದು ನನ್ನ ಕೈಯಾರೆ ಬರೆದದ್ದು. ಸಂಶೋಧನೆ ಮುಗಿದ ಮೇಲೆ ಭಾಗವಹಿಸಿದವರಿಗೆ ನಿಜವನ್ನೆಲ್ಲ ಹೇಳಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ತುಂಗವ್ವ ಭಾಗವಹಿಸಿರಲಿಲ್ಲ. ಅವಳನ್ನು ಯಾರೂ ಕೇಳಿರಲೇ ಇಲ್ಲ.

"ಮುಟ್ಟತಿರಲಿಲ್ಲ, ತುಂಗಕ್ಕ," ಎಂದೆ. "ಸಣ್ಣ ಹಗ್ಗ ಅದು. ಒಗದಿದ್ರೂ ಮುಟ್ಟತಿರಲಿಲ್ಲ."

ಅವಳು ಬಹಳ ಹೊತ್ತು ನನ್ನ ಮುಖವನ್ನು ನೋಡಿದಳು.

"ನಿನಗ ಸುಳ್ಳ ಹೇಳಾಕ ಬರೂದಿಲ್ಲ," ಎಂದಳು. ಏಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಅಲ್ಲೇ ಕೂತಳು. "ಇನ್ನೊಮ್ಮೆ ಹೇಳು."

ನಾನು ಇನ್ನೊಮ್ಮೆ ಹೇಳಿದೆ.